ಹೊಳೆದಂಡೆಗೆ ಹೆಣ್ಣು ಕೊಡುವಾಗ

ನನ್ನ ಮದುವೆಗೆ ಮುಂಚೆ ಅಪ್ಪ ಬೀಗರ ಮನೆ ನೋಡಲು ಹೋದದ್ದು ಬೇಸಿಗೆಯಲ್ಲಿ. ಹೊಳೆದಂಡೆಯ ಊರಿನವರು ಹೆಣ್ಣಿನ ಕಡೆಯವರನ್ನು ಕರೆಯುವುದೇ ಬೇಸಿಗೆಯಲ್ಲಿ. ಆಗ ಘಟಪ್ರಭೆ ಮೊಣಕಾಲ ಮಟ್ಟಕ್ಕೆ ಇಳಿದಿರುತ್ತದೆ. ಎಮ್ಮೆಗಳು ನಡುಹೊಳೆಯಲ್ಲಿ ನಿಂತು ಬಾಲ ಬೀಸುತ್ತಿರುತ್ತವೆ. ಅದನ್ನು ನೋಡಿ ಯಾರಿಗೆ ಹೆದರಿಕೆ ಹುಟ್ಟೀತು? ಶ್ರಾವಣದಲ್ಲಿ ಕರೆದರೆ ಒಬ್ಬನೂ ಮಗಳನ್ನು ಕೊಡುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. ಈ ಜಾಣತನ ನನಗೆ ತಿಳಿದದ್ದು ಮಾತ್ರ ತಾಳಿ ಕಟ್ಟಿಸಿಕೊಂಡ ಮೇಲೆ.

ನಮ್ಮದು ಹುಕ್ಕೇರಿ ಕಡೆಯ ಮಡ್ಡಿ ಊರು. ಕಲ್ಲುನೆಲ, ಮಳೆ ಬಂದರೆ ಒಂದು ಬೆಳೆ. ತಾಯಿ ನಾವು ಸಣ್ಣವರಿದ್ದಾಗಲೇ ತೀರಿಕೊಂಡಳು. ನಾನು ಮತ್ತು ತಂಗಿ, ಇಬ್ಬರೇ. ಅಪ್ಪನೇ ನಮಗೆ ತಲೆ ಬಾಚಿ, ಅಪ್ಪನೇ ರೊಟ್ಟಿ ಬಡಿದು ಹಾಕಿ ದೊಡ್ಡವರನ್ನಾಗಿ ಮಾಡಿದ. ಅವನು ಹೇಳಿದ್ದು ನಮಗೆ ದೇವರ ಮಾತು. ಗಂಡಿನ ಮನೆ ಗೋಕಾಕ ದಾಟಿ ಮೂಡಲಗಿ ಕಡೆ ಹೋಗುವಾಗ ಸಿಗುವ ಒಂದು ಊರು. ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ಮದುವೆಯಾಗಬೇಕಾದ ಗಂಡುಹುಡುಗರಿದ್ದಾರೆ, ನನಗೆ ಶಾಪ ಹಾಕಿಯಾರು.

ಆ ದಿನ ಮಾವನವರ ಕಟ್ಟೆಯ ಮೇಲೆ ಊರ ಹಿರಿಯರೆಲ್ಲ ಕೂತಿದ್ದರಂತೆ. ಎರೆಹೊಲ, ಎರಡು ಬೆಳೆ, ಕೊಟ್ಟಿಗೆ ತುಂಬ ಎಮ್ಮೆ, ಎಲ್ಲ ತೋರಿಸಿ ಆಯಿತು. ಅಪ್ಪ ಎಲೆ ಅಡಿಕೆ ಕೈಗೆ ತೆಗೆದುಕೊಳ್ಳುವ ಮುಂಚೆ ಒಂದೇ ಒಂದು ಮಾತು ಕೇಳಿದನಂತೆ.

“ಹೊಳಿ ಎಲ್ಲೀತನಕಾ ಬರ್ತೈತ್ರಿ?”

“ಹೊಳಿ ಇವತ್ತಿನತನಕಾ ನಮ್ಮ ಊರ ಅಗಸಿ ದಾಟಿಲ್ರಿ, ಬೀಗರ,” ಅಂದರಂತೆ ಮಾವ. ಕಟ್ಟೆಯ ಮೇಲಿದ್ದವರೆಲ್ಲ ಹೌದು ಹೌದೆಂದು ತಲೆ ಆಡಿಸಿದರು.

ಅವರು ಸುಳ್ಳು ಹೇಳಲಿಲ್ಲ ನೋಡಿ. ಊರಬಾಗಿಲಾದ ಅಗಸಿಯ ಮುಂದಿನಿಂದ ಹೊಳೆ ಎಂದೂ ಬಂದದ್ದಿಲ್ಲ. ಊರ ಹಿಂದೆ ಒಂದು ಹಳ್ಳವಿದೆ. ಹೊಳೆ ತುಂಬಿದರೆ ಹಳ್ಳದ ನೀರಿಗೆ ಹೋಗಲು ಜಾಗವಿಲ್ಲದೆ ಅದು ಹಿಂದಕ್ಕೆ ಏರುತ್ತದೆ. ಅದರ ಬೆನ್ನಿಗೆ ಹೊಳೆಯೂ ಅದೇ ದಾರಿ ಹಿಡಿದು ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಬರುತ್ತದೆ. ಅಗಸಿಯ ಹೊರಗೆ ಧೂಳಿರುವಾಗಲೇ ಹಿಂದಿನ ಓಣಿಯ ಮನೆಗಳಲ್ಲಿ ಎದೆಮಟ್ಟ ನೀರು. ನಮ್ಮದು ಹಿಂದಿನ ಓಣಿಯ ಮನೆ.

ಮದುವೆಯಾದ ವರ್ಷದ ಶ್ರಾವಣದಲ್ಲಿ ತಂಡಿಗೆ ಗೋಡೆಯ ಮೇಲಿನ ಮಣ್ಣು ಹೊಪ್ಪಳಿಕೆ ಎದ್ದು ಉದುರಿತು. ಕೆಳಗೆ ಮತ್ತೊಂದು ಬಣ್ಣದ ಗೋಡೆ ಕಂಡಿತು. ಎದೆಯ ಎತ್ತರಕ್ಕೆ ಮನೆಯ ಸುತ್ತಲೂ ಹರಿದ ಒಂದು ಗೆರೆ, ಅದರ ಕೆಳಗೆಲ್ಲ ಕೆಂಪು ರಾಡಿಯ ಕಲೆ. ಅತ್ತೆಯನ್ನು ಕೇಳಿದೆ.

“ಅದನ್ನೇನ ನೋಡ್ಕೋತ ನಿಂತಿ? ಸಗಣಿ ಕಲಸ್ಕೊಂಡ ಬಾ,” ಅಂದರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿ, “ನಾ ಬಂದಾಗ ನನಗರ ಯಾರ ಹೇಳಿದ್ರು?” ಅಂದರು.

ಆ ಊರಲ್ಲಿ ನೆರೆಯ ಸುದ್ದಿ ಎತ್ತುವುದೇ ಅಪಶಕುನ. ಯಾವ ವರ್ಷ ಬಂದಿತ್ತು, ಎಷ್ಟು ಮನೆ ಬಿದ್ದವು, ಯಾರು ಹೋದರು ಎಂದು ಯಾರೂ ಬಾಯಿ ಬಿಡುವುದಿಲ್ಲ. ಸುದ್ದಿ ಹೊರಗೆ ಹೋದರೆ ಊರಿಗೆ ಹೆಣ್ಣು ಬರುವುದಿಲ್ಲ, ಅಷ್ಟೇ ಅದರ ಹಿಂದಿನ ಶಾಸ್ತ್ರ. ಹೊಳೆ ಏರತೊಡಗಿದರೆ ಯಾರೂ ಮೊದಲು ಗಾಡಿ ಹೂಡುವುದಿಲ್ಲ. ಹಿಂದೊಮ್ಮೆ ಮೊದಲು ಗಾಡಿ ಹೂಡಿಕೊಂಡು ಊರಾಚೆಯ ಎತ್ತರದ ಮಡ್ಡಿಗೆ ಹೋದ ಮನೆಯ ಗಂಡುಮಕ್ಕಳು ಗಡ್ಡ ಬೆಳ್ಳಗಾಗುವವರೆಗೆ ಒಂಟಿಯಾಗಿ ಉಳಿದರಂತೆ. ಹಾಗಾಗಿ ಎಲ್ಲರೂ ಕಟ್ಟೆಯ ಮೇಲೆ ಕೂತು ಹೊಳೆಯನ್ನು ನೋಡುವುದಿಲ್ಲ, ಪಕ್ಕದ ಮನೆಯ ಗಾಡಿಯನ್ನು ನೋಡುತ್ತಾರೆ. ಇಂಥ ಶೂರರ ಊರಿಗೆ ನಾನು ಸೊಸೆಯಾಗಿ ಬಂದಿದ್ದೆ.

ಎರಡನೆಯ ವರ್ಷ ನನ್ನ ಮೈದುನನಿಗೆ ತಂಗಿಯನ್ನು ಕೇಳಿದರು. ಮಾತು ಮುಗಿಸಲು ಅಪ್ಪ ಬಂದ. ಹೊಲ ತೋರಿಸುವ ನೆಪ ಮಾಡಿ ಅವನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋದೆ. ಹಳ್ಳ ಎಲ್ಲಿ ಹೊಳೆಗೆ ಸೇರುತ್ತದೆ, ಮಳೆಗಾಲದಲ್ಲಿ ನಾನೇ ಕಂಡಂತೆ ನೀರು ಎಲ್ಲಿಂದ ತಿರುಗಿ ಬರುತ್ತದೆ, ನಮ್ಮ ಗೋಡೆಯ ಗೆರೆ ಎಷ್ಟು ಎತ್ತರವಿದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. “ನನ್ನದ ಆದದ್ದ ಆತು. ಆಕೀನ್ನ ಇಲ್ಲೆ ಕೊಡಬ್ಯಾಡ ಅಪ್ಪಾ,” ಅಂದೆ.



“ನನಗ ಗೊತ್ತೈತಿ,” ಅಂದ ಅಪ್ಪ. “ಅವತ್ತ ನೋಡೇನಿ. ಗ್ವಾಡಿಗೆ ಎದಿಮಟಾ ಅಷ್ಟ ಹೊಸಾ ಮಣ್ಣ ಬಳದಿದ್ರು. ಮ್ಯಾಲ ಎಲ್ಲಾ ಹಳೇದ ಇತ್ತು. ನಾ ಏನ್ ಕುರುಡನಽ?”

“ಮತ್ತ ಯಾಕ ಕೊಟ್ಟಿ?”

“ಹೊಳಿ ಯಾವಾಗರ ಒಮ್ಮಿ ಬರ್ತೈತಿ. ಹೊಟ್ಟಿ ದಿನಾ ಕೇಳ್ತೈತವ್ವಾ. ನಮ್ಮ ಮಡ್ಡಿಯಾಗ ನೀ ಹೆಂಗಿದ್ದಿ, ಈಗ ಹೆಂಗ ಅದೀ, ಕನ್ನಡ್ಯಾಗ ನೋಡ್ಕೋ.”

ಮೈಯೆಲ್ಲ ಉರಿದುಹೋಯಿತು. ನಾನು ಹಾಲು ಮೊಸರು ಉಂಡು ಮೈ ತುಂಬಿಕೊಂಡದ್ದನ್ನೇ ನನಗೆ ಎದುರು ಸಾಕ್ಷಿ ಮಾಡಿಬಿಟ್ಟಿದ್ದ. ತಂಗಿಗಾದರೂ ತಿಳಿಸಿ ಕೇಳು, ಆಕೆ ಒಪ್ಪಿದರೆ ಮಾಡು ಎಂದು ಅವನ ಕೈ ಹಿಡಿದುಕೊಂಡೆ. “ಹೇಳ್ತೇನಿ, ಆಕಿಗೆ ನಾನಽ ಹೇಳ್ತೇನಿ,” ಅಂದ. ಮುಂದಿನ ಬೇಸಿಗೆಯಲ್ಲಿ ತಂಗಿ ನಗುನಗುತ್ತಾ ಹಸಿರು ಸೀರೆ ಉಟ್ಟು ಅದೇ ಮನೆಯ ಹೊಸ್ತಿಲು ದಾಟಿದಳು. ಎಲ್ಲ ತಿಳಿದೇ ಒಪ್ಪಿದ್ದಾಳೆ ಅಂದುಕೊಂಡೆ. ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಕೂರುವ ಸುಖಕ್ಕೆ ನಾನೂ ಹಿಗ್ಗಿದೆ.

ಹೊಳೆ ಬಂದದ್ದು ಮರುವರ್ಷ. ತಂಗಿ ಆಗಷ್ಟೇ ಹಡೆದ ಹಸಿ ಬಾಣಂತಿ. ಚೊಚ್ಚಿಲಿಗೆ ತವರಿಗೆ ಕರೆದೊಯ್ಯಬೇಕಿದ್ದ ಅಪ್ಪ, ಅಲ್ಲಿ ಹಾಲಿಲ್ಲ ತುಪ್ಪವಿಲ್ಲ, ಅಕ್ಕನ ಕೈಯಲ್ಲೇ ಬಾಣಂತನವಾಗಲಿ ಎಂದು ಬಿಟ್ಟಿದ್ದ. ನಮ್ಮಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮಳೆಯೆಲ್ಲ ಘಟ್ಟದ ಕಡೆ. ಹೊಳೆ ಮಾತ್ರ ಕೆಂಪಾಗಿ, ಬೇರುಸಹಿತ ಗಿಡಗಳನ್ನು ಹೊತ್ತು ಹರಿಯುತ್ತಿತ್ತು. ಹಳ್ಳದ ನೀರು ನಿಂತುಬಿಟ್ಟಿತ್ತು. ನಾನು ಗಂಡನಿಗೆ ಹೇಳಿದೆ. ಅವನು ತನ್ನ ಅಪ್ಪನ ಮುಖ ನೋಡಿದ. ಮಾವನವರು ಎದುರು ಮನೆಯ ಗಾಡಿ ನೋಡಿದರು. ಅದು ನಿಂತಲ್ಲೇ ನಿಂತಿತ್ತು.

“ಬಾಣಂತಿನ್ನ ಗಾಡ್ಯಾಗ ಹಾಕ್ಕೊಂಡ ಹೊಂಟ್ರ ನಾಳೆ ಮಂದಿ ಏನಂದಾರು? ಸುಮ್ನಿರ್ರಿ,” ಅಂದರು.

ಮಧ್ಯಾಹ್ನ ಊಟದ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ತಿಪ್ಪೆ, ಜೋಳದ ಕಣಕಿ, ಸತ್ತ ಕೋಳಿ, ಎಲ್ಲ ಸೇರಿ ಒಳಗೆ ಬಂದವು. ಬಾಣಂತಿಯ ಕೋಣೆ ಮನೆಯಲ್ಲೇ ತಗ್ಗಿನದು, ಕಿಟಕಿಯಿಲ್ಲದ್ದು. ತಂಗಿಯನ್ನು ಹೊರಸಿನ ಸಮೇತ ಗಂಡಸರು ಹೆಗಲ ಮೇಲೆ ಎತ್ತಿಕೊಂಡರು. ಕೂಸನ್ನು ನಾನು ಹೆಗಲಿಗೇರಿಸಿಕೊಂಡು ನಡೆದೆ. ಎದೆಮಟ್ಟ ನೀರು, ಕೂಸೂ ತೊಯ್ದುಹೋಯಿತು. ಆ ಹೊತ್ತಿಗೆ ಇಡೀ ಊರೇ ಮಡ್ಡಿಗೆ ಓಡುತ್ತಿತ್ತು. ಈಗ ಯಾರ ಮಾನವೂ ಹೋಗುವಂತಿರಲಿಲ್ಲ, ಎಲ್ಲರೂ ಒಟ್ಟಿಗೇ ಮುಳುಗಿದ್ದರು. ಸಂಜೆಗೆ ಮಳೆ ನಮ್ಮ ಕಡೆಗೂ ಬಂದು, ಮಡ್ಡಿಯ ಮೇಲೆ ಬೆಂಕಿ ಮಾಡಲು ಒಣ ಕಡ್ಡಿ ಸಿಗಲಿಲ್ಲ. ಕೂಸು ಮೊದಲು ಅಳುವುದನ್ನು ಬಿಟ್ಟಿತು, ಆಮೇಲೆ ಹಾಲು ಕುಡಿಯುವುದನ್ನು. ಹೊಳೆ ಇಳಿಯುವ ಮುಂಚೆ ಅದನ್ನು ಅಲ್ಲೇ ಕಲ್ಲುನೆಲ ಅಗೆದು ಮಣ್ಣು ಮಾಡಿದೆವು.

ಸುದ್ದಿ ತಿಳಿದು ಅಪ್ಪ ಗಾಡಿ ಹೊಡೆದುಕೊಂಡು ಬಂದ. ರೊಟ್ಟಿ ಗಂಟು, ಕಂಬಳಿ ತಂದಿದ್ದ. ತಂಗಿ ಬೇವಿನ ಗಿಡದ ಬುಡದಲ್ಲಿ ಕೂತಿದ್ದಳು. ಅವಳ ಎದೆಹಾಲು ಸೋರಿ ಕುಬಸ ತೊಯ್ದಿತ್ತು. ಅಪ್ಪನನ್ನು ನೋಡಿದವಳು ಅಳಲಿಲ್ಲ. ನನ್ನ ಕಡೆ ತಿರುಗಿದಳು.

“ಅಕ್ಕಾ, ಇಲ್ಲಿ ಹೆಂಗಸರೆಲ್ಲಾ ಹೇಳಾಕತ್ತಾರ, ಹೊಳಿ ಹಿಂದಿಂದನ ಬರ್ತೈತಂತ. ನಿನಗ ಗೊತ್ತಿತ್ತು. ಒಂದ ಮಾತ ಹೇಳಿ ಕಳಿಸಿದ್ರ ನಾ ಬರ್ತಿದ್ದಿಲ್ಲ.”

“ಹೇಳೇನಿ,” ಅಂದೆ. “ಅಪ್ಪಗ ಹೇಳೇನಿ. ಹಳ್ಳಕ್ಕ ಕರಕೊಂಡ ಹೋಗಿ ತೋರ್ಸೇನಿ. ಕೇಳ ಬೇಕಾರ.”

ತಂಗಿ ಅವನ ಕಡೆ ನೋಡಿದಳು. ಅಪ್ಪ ಎತ್ತಿನ ಕೊರಳ ಹಗ್ಗ ಬಿಚ್ಚುತ್ತಿದ್ದ. ಬಿಚ್ಚಿ ಮುಗಿದ ಮೇಲೂ ಅವನ ಕೈ ಅಲ್ಲೇ ಇತ್ತು.

“ಆಕಿ ನನಗೇನೂ ಹೇಳಿಲ್ಲವ್ವಾ,” ಅಂದ.

ನಾನು “ಅಪ್ಪಾ” ಅಂದೆ. ಅವನು ತಿರುಗಿ ನೋಡಲಿಲ್ಲ. ಇಬ್ಬರು ಮಕ್ಕಳಲ್ಲಿ ಒಬ್ಬಳ ಕಣ್ಣಿಗಾದರೂ ಒಳ್ಳೆಯ ತಂದೆಯಾಗಿ ಉಳಿಯಬೇಕಿತ್ತೇನೋ. ಹಾಗೆ ಉಳಿಯಲು ನನ್ನನ್ನು ನೀರಿಗೆ ತಳ್ಳಿದ. ತಂಗಿ ಅವನನ್ನೇ ನಂಬಿದಳು. ಆಕೆಯನ್ನು ಬೈಯಲಾರೆ. ಆಕೆಯ ಜಾಗದಲ್ಲಿದ್ದರೆ ನಾನೂ ಅವನನ್ನೇ ನಂಬುತ್ತಿದ್ದೆ.

ಬಿದ್ದ ಮನೆಯನ್ನು ಅದೇ ತಗ್ಗಿನಲ್ಲಿ ಮತ್ತೆ ಕಟ್ಟಿದರು. ನಾವಿಬ್ಬರೂ ಅಲ್ಲೇ ಬಾಳಿದೆವು. ಆಕೆ ರೊಟ್ಟಿ ಬಡಿದರೆ ನಾನು ಬೇಯಿಸಿದೆ, ನಾನು ಮಜ್ಜಿಗೆ ಕಡೆದರೆ ಆಕೆ ಬೆಣ್ಣೆ ತೆಗೆದಳು. ಆದರೆ ನನ್ನ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಅತ್ತೆಯನ್ನು ಕೇಳುವಳು. ಪಂಚಮಿಗೆ ಅಪ್ಪ ಉಂಡಿ ಕಟ್ಟಿಸಿಕೊಂಡು ಬಂದರೆ ಆಕೆ ಅವನ ಪಕ್ಕ ಕೂತು ಉಣ್ಣುವಳು. ಅವನ ಕಾಲಿಗೆ ನೀರು ಕೊಟ್ಟು ನಾನು ಒಳಗೆ ಹೋಗುತ್ತಿದ್ದೆ. ಒಮ್ಮೆಯಾದರೂ ಅವನು ಬಾಯಿ ಬಿಟ್ಟಾನೆಂದು ಬಹಳ ವರ್ಷ ಕಾದೆ.

ಅಪ್ಪ ಸತ್ತಾಗ ಇಬ್ಬರೂ ಹುಕ್ಕೇರಿ ಕಡೆ ಹೋದೆವು. ತಂಗಿ ಹೆಣದ ಮೇಲೆ ಬಿದ್ದು ಹೊರಳಾಡಿ ಅತ್ತಳು. ನನಗೆ ಅಳು ಬರಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕೂತಿದ್ದೆ. ಆಕೆ ತಲೆ ಎತ್ತಿ, ಕೂಡಿದ ಜನರೆಲ್ಲ ಕೇಳುವಂತೆ, “ಹೆತ್ತಪ್ಪ ಸತ್ತರೂ ನಿನ್ನ ಕಣ್ಣಾಗ ಒಂದ ಹನಿ ನೀರಿಲ್ಲಲ್ಲ,” ಅಂದಳು. ಆ ನೆರೆಯ ನಂತರ ನನ್ನ ತಂಗಿ ನನಗೆ ಆಡಿದ ಮಾತು ಅದೊಂದೇ.