ಇಪ್ಪತ್ತಾರು ಜನರ ನಿದ್ದೆ

ಆ ವರ್ಷ ನನಗೆ ಬೆಳಗ್ಗೆ ಕಾರ್ಖಾನೆಗೆ ಹೋಗಲು ಭಯವಾಗುತ್ತಿತ್ತು. ಹೀಗೆ ಬರೆಯಲು ಈಗಲೂ ನಾಚಿಕೆಯೇ. ನಲವತ್ತೆಂಟರ ಗಂಡಸು, ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನ ಸೂಪರ್‌ವೈಸರ್, ಬಾಯಿ ಬಿಟ್ಟರೆ ಶಾಪೇ ನಡುಗಬೇಕು ಎಂದು ನಂಬಿದ್ದವನು ನಾನು. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಎರಡೇ ಸ್ಟೇಷನ್. ಅಷ್ಟರಲ್ಲಿ ಅಂಗೈ ಬೆವೆತು, ಎದೆ ಹಿಡಿದುಕೊಂಡು, ಇಲ್ಲೇ ಬಿದ್ದು ಸತ್ತರೆ ಜೇಬಿನ ಐಡಿ ಕಾರ್ಡ್ ನೋಡಿ ಮನೆಗೆ ಫೋನ್ ಮಾಡುತ್ತಾರೋ, ಕಾರ್ಖಾನೆಗೆ ಮಾಡುತ್ತಾರೋ ಎಂದು ಯೋಚಿಸುತ್ತಿದ್ದೆ. ಇಸಿಜಿ ಮಾಡಿಸಿದೆ. ಏನೂ ಇಲ್ಲ ಎಂದರು. ಏನೂ ಇಲ್ಲದ್ದಕ್ಕೆ ನಮ್ಮ ಕಡೆ ಇರುವುದು ಒಂದೇ ಹೆಸರು, ಗ್ಯಾಸ್ಟ್ರಿಕ್. ಸೋಡಾ ಕುಡಿದು ಕೆಲಸಕ್ಕೆ ಹೋಗುತ್ತಿದ್ದೆ.

ಸರ್ಕಾರಿ ಆರೋಗ್ಯ ಕೇಂದ್ರದ ನರ್ಸ್ ಒಬ್ಬರು ನಮ್ಮಲ್ಲಿಗೆ ತಪಾಸಣೆಗೆಂದು ಬಂದದ್ದು ಆಗಲೇ. ಬಿಪಿ, ಶುಗರ್ ನೋಡುವುದರ ಜೊತೆಗೆ ಆ ಸಲ ಒಂದು ಫಾರಂ ತಂದಿದ್ದರು. ನಿದ್ದೆ ಚೆನ್ನಾಗಿ ಬರುತ್ತದೆಯೇ, ಕಾರಣವಿಲ್ಲದೆ ಭಯವಾಗುತ್ತದೆಯೇ, ಕೆಲಸದಲ್ಲಿ ಗಮನ ತಪ್ಪುತ್ತದೆಯೇ, ಹೀಗೆ ಹತ್ತು ಪ್ರಶ್ನೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಬೇಕು ಎಂದರು. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, "ಲೈನ್ ನಿಲ್ಲಿಸ್ಬೇಡ್ರೀ. ಫಾರಂ ನೀವೇ ತುಂಬ್ಬಿಡಿ" ಎಂದರು.

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸುರಕ್ಷತಾ ತರಬೇತಿಯ ಹಾಜರಿ, ಬೆಂಕಿ ಬಿದ್ದರೆ ಹೇಗೆ ಓಡಬೇಕೆಂಬ ಕವಾಯತಿನ ವರದಿ, ಎಲ್ಲವೂ ನಮ್ಮಲ್ಲಿ ಸೂಪರ್‌ವೈಸರ್ ಕೈಬರಹದಲ್ಲೇ ನಡೆಯುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಟೀ ಆರುವಷ್ಟರಲ್ಲಿ ನನ್ನದೂ ಸೇರಿ ಇಪ್ಪತ್ತಾರು ಫಾರಂ ತುಂಬಿ ಸಹಿ ಹಾಕಿದ್ದೆ. ಎಲ್ಲರಿಗೂ ಒಳ್ಳೆಯ ನಿದ್ದೆ. ಯಾರಿಗೂ ಭಯವಿಲ್ಲ.

ನರ್ಸ್ ಒಂದೊಂದಾಗಿ ತಿರುವಿ ನೋಡಿದರು. "ಇಪ್ಪತ್ತಾರು ಜನಕ್ಕೂ ಒಳ್ಳೆ ನಿದ್ದೇನಾ ಸಾರ್? ನನ್ಗೇ ಬರಲ್ವಲ್ಲಾ" ಎಂದು ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಮುಖ ಒರೆಸಿಕೊಂಡೆ. ಆಕೆ ಫಾರಂಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ವಾರ ಕಳೆದಿರಬೇಕು. ಎರಡನೇ ಪ್ರೆಸ್ಸಿನ ಆಪರೇಟರ್ ನನ್ನ ಮೇಜಿನ ಹತ್ತಿರ ಬಂದು ನಿಂತ. ಕುಣಿಗಲ್ ಕಡೆಯವನು, ನನ್ನದೇ ವಯಸ್ಸು, ಕರೆದರೆ ಮಾತ್ರ ಮಾತಾಡುವ ಜಾತಿ.

"ನಿದ್ದೆ ಬರ್ತಿಲ್ಲ ಸಾ. ಬೆಳಗಾನ ಅಂಗೇ ಕಣ್ ಬಿಟ್ಕಂಡಿರ್ತೀನಿ. ಎದೆ ಒಂಥರಾ ಆಯ್ತದೆ."

"ಗ್ಯಾಸ್ಟ್ರಿಕ್ ಕಣಯ್ಯಾ. ಸೋಡಾ ಕುಡಿ, ಹೋಗು" ಎಂದೆ.

ಗ್ಯಾಸ್ಟ್ರಿಕ್ ಅಲ್ಲ ಎಂದು ನನಗೆ ಗೊತ್ತಿತ್ತು. ಅವನದು ಅಲ್ಲ ಎಂದು ಒಪ್ಪಿದರೆ ನನ್ನದೂ ಅಲ್ಲ ಎಂದಾಗುತ್ತಿತ್ತು. ಅದಕ್ಕೇ ಗದರಿ ಕಳಿಸಿದೆ.

ಪ್ರೆಸ್ ಎಂದರೆ ತಗಡಿನ ಮೇಲೆ ಟನ್‌ಗಟ್ಟಲೆ ಭಾರ ಬೀಳುವ ಯಂತ್ರ. ಎರಡೂ ಕೈಯಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಡೈ, ಅಂದರೆ ಮೇಲಿನ ಅಚ್ಚು, ಕೆಳಗಿಳಿಯಬೇಕು, ಆಗ ಕೈ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಆದರೆ ಬೇಗ ಬೇಗ ಆಗಲಿ ಎಂದು ಒಂದು ಬಟನ್ನಿಗೆ ಮರದ ಚೂರು ಸಿಕ್ಕಿಸಿ ಒಂದೇ ಕೈಯಲ್ಲಿ ಒತ್ತುತ್ತಾರೆ. ನಾನು ಕಂಡೂ ಕಾಣದ ಹಾಗೆ ಇರುತ್ತಿದ್ದೆ. ಮರುದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಎರಡನೇ ಪ್ರೆಸ್ಸಿನ ಬಡಿತದ ಸದ್ದು ನಿಂತಿತು. ತಿರುಗಿ ನೋಡಿದೆ. ಅವನ ಎಡಗೈ ಡೈ ಕೆಳಗಿತ್ತು. ಬಲಗೈ ಹೆಬ್ಬೆರಳು ಬಟನ್ ಮೇಲಿತ್ತು. ಅವನು ಯಂತ್ರವನ್ನೇ ನೋಡುತ್ತಾ ಅಲ್ಲಾಡದೆ ನಿಂತಿದ್ದ.

ಕೂಗಿದರೆ ಬೆಚ್ಚಿಬಿದ್ದು ಒತ್ತಿಬಿಡುತ್ತಾನೆ. ಓಡಿದರೂ ಕಣ್ಣಂಚಿನಲ್ಲಿ ಕಂಡು ಬೆಚ್ಚುತ್ತಾನೆ. ಮೇನ್ ಸ್ವಿಚ್ ಇದ್ದದ್ದು ಗೋಡೆಯಲ್ಲಿ, ಎಂಟು ಹತ್ತು ಹೆಜ್ಜೆ ದೂರ. ನಾನು ಬೆಕ್ಕಿನ ಹಾಗೆ ನಡೆದೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ದಾರಿ ನಡೆದಿಲ್ಲ. ಸ್ವಿಚ್ ಇಳಿಸಿ, ಯಂತ್ರ ಪೂರ್ತಿ ನಿಂತಿತು ಎಂದು ಖಾತ್ರಿಯಾದ ಮೇಲೆ ಹೋಗಿ ಅವನ ಕೈ ಹಿಡಿದು ಹೊರಗೆಳೆದೆ. ಐದೂ ಬೆರಳು ಇದ್ದವು. ಆದರೂ ಒಂದೊಂದಾಗಿ ಮುಟ್ಟಿ ನೋಡಿದೆ.

"ಒತ್ತಿದ್ನೋ ಇಲ್ವೋ ಗೊತ್ತಾಗ್ನಿಲ್ಲ ಸಾ" ಎಂದ. "ಕೈ ತೆಗೀಬೇಕಾ, ಮಡಗ್ಬೇಕಾ ಅಂತ ಯೋಚ್ನೆ ಮಾಡ್ತಿದ್ದೆ."

ಆಟೋದಲ್ಲಿ ಅವನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅದೇ ನರ್ಸ್ ಇದ್ದರು. ಅವನ ಫಾರಂ ತೆಗೆದು ಡಾಕ್ಟರ ಮುಂದಿಟ್ಟರು. ನಿದ್ದೆ ಚೆನ್ನಾಗಿದೆ, ಭಯ ಇಲ್ಲ, ಗಮನ ತಪ್ಪುವುದಿಲ್ಲ. ಕೆಳಗೆ ನನ್ನ ಸಹಿ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಫಾರಂ ನೋಡಿದರು, ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹೊಸ ಫಾರಂ ತೆಗೆದುಕೊಂಡು ಅವನನ್ನೇ ಕೇಳತೊಡಗಿದರು. ಹತ್ತು ಪ್ರಶ್ನೆಗೆ ಅರ್ಧ ಗಂಟೆಯಾಯಿತು, ಅದರಲ್ಲಿ ಅವನು ಅತ್ತದ್ದೇ ಹೆಚ್ಚು.

ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಬೇಕೆಂದರು. ಸದ್ಯಕ್ಕೆ ಯಂತ್ರದ ಹತ್ತಿರ ಬಿಡಬೇಡಿ, ಹಗುರ ಕೆಲಸ ಕೊಡಿ ಎಂದು ಚೀಟಿ ಬರೆದರು. ಹೊರಗೆ ಬಂದದ್ದೇ ಅವನು ನನ್ನ ತೋಳು ಹಿಡಿದುಕೊಂಡ.

"ಆ ಚೀಟಿ ಮಾತ್ರ ಓನರ್‌ಗೆ ತೋರಿಸ್ಬೇಡಿ ಸಾ. ತಲೆ ಕೆಟ್ಟೈತೆ ಅಂತ ಕಳಿಸ್ಬಿಡ್ತಾರೆ. ಈ ವಯಸ್ನಾಗೆ ಇನ್ಯಾರು ಕೆಲ್ಸ ಕೊಡ್ತಾರೆ?"

ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ತೋರಿಸಿದರೆ ಅವನ ಕೆಲಸ ಹೋದೀತು, ತೋರಿಸದಿದ್ದರೆ ನಾಳೆಯೇ ಕೈ ಹೋದೀತು. ಅವನನ್ನು ಮನೆಗೆ ಕಳಿಸಿ ನಾನು ಕಾರ್ಖಾನೆಗೆ ವಾಪಸ್ ಬಂದೆ. ಮಾಲೀಕರ ಕೋಣೆಯ ಬಾಗಿಲು ತಳ್ಳುವಾಗ ಬೆಳಗಿನ ಮೆಟ್ರೋದಲ್ಲಿ ಆಗುವುದೆಲ್ಲ ಆಗುತ್ತಿತ್ತು. ಚೀಟಿ ಮೇಜಿನ ಮೇಲಿಟ್ಟೆ. ಅವರು ಓದಿ, ನನ್ನತ್ತ ತಳ್ಳಿದರು.

"ತಲೆ ಸರಿ ಇಲ್ದೋನನ್ನ ಮೆಷಿನ್ ಮುಂದೆ ನಿಲ್ಸಿದ್ರಾ? ಇವತ್ತೇ ಕಳ್ಸ್ಬಿಡಿ ಅವನ್ನ."

"ತಲೆ ಸರಿಯಾಗೇ ಇದೆ ಸಾರ್. ನಿದ್ದೆ ಇಲ್ಲ ಅಷ್ಟೇ. ನನ್ಹತ್ರ ಬಂದು ಹೇಳ್ದ, ನಾನೇ ಗದರಿ ಕಳಿಸ್ದೆ. ಫಾರಂನಲ್ಲಿ ಸುಳ್ಳು ಬರ್ದೋನೂ ನಾನೇ. ಕಳಿಸೋದಾದ್ರೆ ನನ್ನನ್ನೂ ಕಳಿಸ್ಬೇಕು."

"ನಿಮಗೇನ್ರೀ ಆಗಿರೋದು?"

"ನನಗೂ ಅದೇ ಸಾರ್. ಆರು ತಿಂಗಳಾಯ್ತು."

ಅವರು ಗಾಜಿನಾಚೆ ಕೆಲಸ ನಿಂತಿದ್ದ ಎರಡನೇ ಪ್ರೆಸ್ ನೋಡಿ, ಚೀಟಿಯನ್ನು ವಾಪಸ್ ಎಳೆದುಕೊಂಡರು. ಆಮೇಲೆ, "ಸರಿ. ಅವನನ್ನ ಪ್ಯಾಕಿಂಗ್‌ಗೆ ಹಾಕಿ" ಎಂದರು. ನಾನು ಬಾಗಿಲವರೆಗೆ ಹೋಗಿದ್ದೆ.

"ನಿಮ್ಮನ್ನ ಎಲ್ಲಿಗೆ ಹಾಕ್ಲಿ?"

ಅದು ಕೊಂಕಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಯಾವ ಪ್ರಶ್ನೆಗೂ ನಾನು ತಡವರಿಸಿದವನಲ್ಲ.

"ಗೊತ್ತಿಲ್ಲ ಸಾರ್" ಎಂದೆ. "ಭಯ ಆಗ್ತಿದೆ."