ಹನುಮಜ್ಜ ಕಂಡ ಎರಡನೆಯ ಗಂಟು

ಕುತ್ತಿಗೆ ನೋಡಿ ಕಾಯಿಲೆ ಹೇಳುತ್ತೇವೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಕೂಡ್ಲಿಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಇಂಥದ್ದಕ್ಕೆಲ್ಲ ಕಿವಿಗೊಡುವ ಜಾಯಮಾನ ನನ್ನದಲ್ಲ. ಇದನ್ನು ಬರೆಯುವಾಗಲೂ ಕೊಂಚ ನಾಚಿಕೆಯಾಗುತ್ತಿದೆ.

ಕೆಲವು ವರ್ಷಗಳ ಹಿಂದೆ ನನಗೆ ಥೈರಾಯ್ಡ್ ಕ್ಯಾನ್ಸರ್ ಇರುವುದು ಗೊತ್ತಾಯಿತು. ಸ್ಕ್ಯಾನಿನಲ್ಲಿ ಕುತ್ತಿಗೆಯ ಬಲಬದಿಗೆ, ಆಳದಲ್ಲಿ, ಇನ್ನೊಂದು ಸಣ್ಣ ಗಂಟೂ ಕಂಡಿತು. ಕ್ಯಾನ್ಸರ್ ಅಲ್ಲಿಗೂ ಹರಡಿರಬೇಕು, ಸೂಜಿ ಹಾಕಿ ಪರೀಕ್ಷಿಸೋಣ ಎಂದರು ಡಾಕ್ಟರು. ಈ ಎರಡನೆಯ ಗಂಟಿನ ಸುದ್ದಿಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಗಂಡನಿಗೆ ಕೂಡ.

ಸೂಜಿ ಹಾಕುವ ಹಿಂದಿನ ದಿನ ಮಧ್ಯಾಹ್ನ ತಂಬ್ರಹಳ್ಳಿಯ ತವರಿಗೆ ಹೋಗಿದ್ದೆ. ಪಕ್ಕದ ಮನೆಯ ಹನುಮಜ್ಜ ಕಟ್ಟೆಯ ಮೇಲೆ ಕೂತಿದ್ದ. ಜೀವನವಿಡೀ ಕುರಿ ಕಾಯ್ದವನು. ಕುರಿ ಕೊಳ್ಳುವ ಮೊದಲು ಅದಕ್ಕೆ ನೀರು ಕುಡಿಸಿ, ಅದು ನುಂಗುವಾಗ ಕುತ್ತಿಗೆಯಲ್ಲಿ ಗಂಟಿದೆಯೇ ಎಂದು ನೋಡುವುದು ಅವನ ರೂಢಿಯಾಗಿತ್ತು. ನಾನು ಚೊಂಬೆತ್ತಿ ನೀರು ಕುಡಿಯುತ್ತಿದ್ದಾಗ ಅಜ್ಜ ತಲೆ ವಾಲಿಸಿ ನನ್ನ ಕಡೆ ತಿರುಗಿದ.

“ಎರಡು ಅದಾವ ಯವ್ವಾ,” ಎಂದ. “ಒಂದು ನೀರಿನ ಜೋಡಿ ಏರಿ ಇಳಿತೈತಿ. ಬಲಕ್ಕಿರೋದು ಏರಂಗಿಲ್ಲ, ನಿಂತಲ್ಲೇ ಬಡಕೊಳ್ತೈತಿ. ಅದರ ತಳಿನ ಬ್ಯಾರೆ. ಸೂಜಿ ಗೀಜಿ ಚುಚ್ಚಿಸಬ್ಯಾಡ.”

“ನಿನಗ ಯಾರು ಹೇಳಿದ್ರಜ್ಜಾ?”

“ಯಾರು ಹೇಳ್ತಾರ. ಕಾಣಾಕತ್ತೈತಲ್ಲ.”

ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಎದುರಿಗೆ ನಿಂತವರನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದ.

ಮರುದಿನ ಡಾಕ್ಟರು ಸೂಜಿ ಕೈಗೆತ್ತಿಕೊಂಡಾಗ ಮನಸ್ಸು ತಡೆಯದೆ, “ಅದು ಬಡಕೊಳ್ತೈತೇನು ನೋಡ್ರಿ ಸರ್,” ಎಂದುಬಿಟ್ಟೆ. ಅವರು ಬೆರಳೊತ್ತಿ ನೋಡಿದರು. ಆಮೇಲೆ ಸೂಜಿ ಕೆಳಗಿಟ್ಟು ಬೇರೆ ಸ್ಕ್ಯಾನಿಗೆ ಬರೆದುಕೊಟ್ಟರು. ಮಿದುಳಿಗೆ ರಕ್ತ ಒಯ್ಯುವ ನಾಳ ಕವಲೊಡೆಯುವಲ್ಲಿ ಬೆಳೆದ ಗೆಡ್ಡೆಯದು. ಕ್ಯಾನ್ಸರ್ ಹರಡಿದ್ದಲ್ಲ, ಬೇರೆಯದೇ. ಎರಡೂ ಒಬ್ಬರಲ್ಲೇ ಇರುವುದು ಬಹಳ ಅಪರೂಪವಂತೆ. ಚುಚ್ಚಿದ್ದರೆ ರಕ್ತ ನಿಲ್ಲಿಸುವುದು ಕಷ್ಟವಾಗುತ್ತಿತ್ತು ಎಂದರು. ಮುಂದೆ ಎರಡನ್ನೂ ಜೋಪಾನವಾಗಿ ತೆಗೆದರು, ನಾನು ಉಳಿದೆ.

ಮಿಡಿತ ಬೆರಳಿಗೆ ಸಿಗುತ್ತದೆ, ಒಪ್ಪಿದೆ. ಮುಟ್ಟದೆ, ಕಣ್ಣೂ ಕಾಣದೆ ಅಜ್ಜನಿಗೆ ಸಿಕ್ಕಿದ್ದೇನು? ಕಿವಿಗೇನಾದರೂ ಕೇಳಿಸಿತೇ?

ಈ ಗೆಡ್ಡೆ ಮನೆತನದಲ್ಲಿ ಇಳಿದು ಬರುವುದೂ ಉಂಟಂತೆ. ಹಾಗಾಗಿ ಮಗಳಿಗೂ ಸ್ಕ್ಯಾನ್ ಮಾಡಿಸಿದೆವು. ಏನೂ ಇಲ್ಲವೆಂದು ವರದಿ ಬಂತು. ಆ ವರದಿಯನ್ನು ನಾನು ನಂಬುತ್ತೇನೆ. ಆದರೂ ತಂಬ್ರಹಳ್ಳಿಗೆ ಹೋದಾಗ, ಅಜ್ಜ ಕಟ್ಟೆಯ ಮೇಲಿದ್ದರೆ, ಮಗಳ ಕೈಗೆ ನೀರಿನ ಚೊಂಬು ಕೊಡಲು ನನಗೆ ಧೈರ್ಯವಾಗುವುದಿಲ್ಲ.