ಕಲಾಯಿ ಒಲೆಯ ಮುಂದೆ ವಿಮಾನದ ಮಾತು

ನಾಗಮಂಗಲದ ಬಸ್ ನಿಲ್ದಾಣದ ಹಿಂದೆ, ಹುಣಸೆಮರದ ಬುಡದಲ್ಲಿ, ಬೆಳಕು ಸರಿಯಾಗಿ ಹರಿಯುವ ಮೊದಲೇ ಒಲೆ ಹೊತ್ತಿಕೊಂಡಿದೆ. ಒಲೆ ಅಂದರೆ ನೆಲದಲ್ಲಿ ತೋಡಿದ ಗುಂಡಿ, ಅದರ ತುಂಬ ಇದ್ದಿಲು, ಪಕ್ಕದಿಂದ ಗಾಳಿ ಊದುವ ಚರ್ಮದ ತಿದಿ. ಸೆರಗನ್ನು ತಲೆಗೆ ಹೊದ್ದು, ಅದರ ತುದಿಯನ್ನೇ ಮೂಗಿಗೆ ಅಡ್ಡ ಕಟ್ಟಿಕೊಂಡ ಹೆಂಗಸೊಬ್ಬಳು ಇಕ್ಕಳದಲ್ಲಿ ತಾಮ್ರದ ತಪ್ಪಲೆ ಹಿಡಿದು ಕೆಂಡದ ಮೇಲೆ ತಿರುಗಿಸುತ್ತಿದ್ದಾಳೆ. ಹೆಸರು ರೆಹಮತುನ್ನೀಸಾ. ಆ ಹೆಸರು ಹೇಳಿ ಕೇಳಿದರೆ ಈ ಊರಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ಕಲಾಯಿ ಬೂಬಮ್ಮ ಎಲ್ಲಿ ಎಂದರೆ ಬಸ್ಸಿನ ಕಂಡಕ್ಟರೇ ಕೈ ತೋರಿಸಿ ಇಳಿಸುತ್ತಾನೆ.

ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಬಳಿಯುವುದೇ ಕಲಾಯಿ. ಅದು ಸವೆದ ಪಾತ್ರೆಯಲ್ಲಿ ಹುಳಿ ಕಾಯಿಸಿದರೆ ಕಿಲುಬು ಬಿಟ್ಟು ಉಂಡವರ ಹೊಟ್ಟೆ ಕೆಡುತ್ತದೆ. ದೀಪಾವಳಿ ಈಗಷ್ಟೇ ಮುಗಿದಿದೆ, ಮುಂದೆ ಮದುವೆಗಳು ಬರಲಿವೆ. ಮನೆಯ ಪಾತ್ರೆಗಳೆಲ್ಲ ಸ್ಟೀಲಾದ ಮೇಲೂ ಅಡುಗೆಯವರ ದೊಡ್ಡ ಕೊಳಗಗಳು ಮಾತ್ರ ತಾಮ್ರದಲ್ಲೇ ಉಳಿದಿವೆ. ಬೂಬಮ್ಮನ ಒಲೆ ಉರಿಯುತ್ತಿರುವುದು ಅವುಗಳಿಂದ.

"ನಮ್ಮೆಜಮಾನ್ರು ಪಾತ್ರೆ ಒಳಗಡೆ ನಿಂತ್ಕಂಡು ಕಾಲಲ್ಲಿ ಮರಳಾಕಿ ತಿಕ್ಕೋರು. ನಾನು ತಿದಿ ಒತ್ತುತಿದ್ದೆ," ಎನ್ನುತ್ತಾಳೆ. ತವರ ಹಿಡಿಯಲೆಂದು ಕಾದ ಪಾತ್ರೆಗೆ ಎರಚುವ ನವಸಾಗರದ ಪುಡಿಯ ಬಿಳಿ ಹೊಗೆ ಕುಡಿದು ಕುಡಿದು ಗಂಡನ ಎದೆ ಕಟ್ಟಿತು. ಆತ ಹೋದ ಮೇಲೆ ಹೆಂಗಸಿನ ಕೈಗೆ ಪಾತ್ರೆ ಕೊಡಲು ಜನ ಹಿಂದೆಮುಂದೆ ನೋಡಿದರು. ಮೇಲುಕೋಟೆಯ ಅಡುಗೆಭಟ್ಟರೊಬ್ಬರು ಮೊದಲು ಒಂದು ಸೌಟು ಕೊಟ್ಟು, ಆಮೇಲೆ ಕೊಳಗ ಕೊಟ್ಟರಂತೆ. "ಸೌಟಲ್ಲಿ ನನ್ ಪರೀಕ್ಸೆ ಮಾಡುದ್ರು," ಎಂದು ಈಗಲೂ ನಗುತ್ತಾಳೆ. ದೇವಲಾಪುರ, ಮೇಲುಕೋಟೆ, ಪಾಂಡವಪುರ, ಒಲೆ ಎಲ್ಲೆಲ್ಲಿ ಹೂಡಿದರೂ ಗುಂಡಿಯನ್ನು ತಾನೇ ತೋಡುತ್ತಾಳೆ. ಗಂಡನ ಜಾಗಕ್ಕೆ ಅವಳು ಬಂದಳು, ಅವಳ ಜಾಗಕ್ಕೆ ಗಂಡನ ತಂಗಿ ನೂರ್ ಫಾತಿಮಾ ಬಂದಳು. ತಿದಿ ಈಗ ಅವಳ ಕೈಯಲ್ಲಿದೆ.

ನಾನು ಮಂಡ್ಯದಿಂದ ಬಂದಿರುವುದು ಇಷ್ಟನ್ನು ಪತ್ರಿಕೆಗೆ ಬರೆಯಲಿಕ್ಕೆ. ಸ್ಟೀಲಿನ ಕಾಲದಲ್ಲೊಬ್ಬಳು ಕಲಾಯಿಯವಳು, ಒಂದು ಫೋಟೊ, ಮುಗಿಯಿತು ಅಂದುಕೊಂಡಿದ್ದೆ. ಆದರೆ ಹಬ್ಬದ ಸಂಜೆ ದಿಲ್ಲಿ ಕಡೆಯ ಆಕಾಶದಲ್ಲಿ ಎರಡು ವಿಮಾನಗಳು ಒಂದಕ್ಕೊಂದು ಬಡಿದು ಬಿದ್ದಿವೆ. ಒಂದು ಸೌದಿಗೆ ಹೊರಟಿದ್ದದ್ದು. ಯಾರೂ ಉಳಿದಿಲ್ಲ. ನನ್ನ ಚೀಲದಲ್ಲಿ ಪತ್ರಿಕೆ ಕಂಡವರೆಲ್ಲ ನನ್ನನ್ನೇ ಆ ವಿಮಾನದಿಂದ ಇಳಿದು ಬಂದವಳ ಹಾಗೆ ಸುತ್ತುವರಿಯುತ್ತಿದ್ದಾರೆ.

ನೂರ್ ಫಾತಿಮಾ ಮಾತ್ರ ಎಲ್ಲರ ಮುಂದೆ ಕೇಳುವುದಿಲ್ಲ. ನೀರು ತರುವ ನೆಪದಲ್ಲಿ ನನ್ನನ್ನು ಕೊಳಾಯಿಯ ಹತ್ತಿರ ಕರೆದೊಯ್ದು ತಗ್ಗಿದ ದನಿಯಲ್ಲಿ ಕೇಳುತ್ತಾಳೆ: "ಅಕ್ಕಾ, ಸತ್ತೋರ್ ಹೆಸ್ರು ಪೇಪರ್ನೋರಿಗೆ ಮೊದ್ಲೇ ಗೊತ್ತಾಯ್ತದಾ? ನಮ್ ಮುಬಾರಕ್ ದಿಲ್ಲಿಗೋಗವ್ನೆ. ಸೌದಿಗೆ ಅತ್ತಿಸ್ತೀನಿ ಅಂತ ಏಜೆಂಟು ಕರ್ಕಂಡೋದ. ಯಾವ ದಿನ, ಯಾವ ವಿಮಾನ, ನಮಗೇನೂ ಗೊತ್ತಿಲ್ಲ."

ಮುಬಾರಕ್ ಬೂಬಮ್ಮನ ಒಬ್ಬನೇ ಮಗ. ಪಾಂಡವಪುರದ ಗ್ಯಾರೇಜಿನಲ್ಲಿದ್ದಾನೆ ಎಂದೇ ಊರೆಲ್ಲ ನಂಬಿದೆ. ಇವರ ಕಡೆ ಅದೊಂದು ನಡಾವಳಿ. ಸೌದಿಗೆ ಹೋದವನಿಂದ ಮೊದಲ ಕಾಗದ ಬರುವ ತನಕ ಹೊರಗೆ ಬಾಯಿ ಬಿಡುವ ಹಾಗಿಲ್ಲ. ಕಣ್ಣು ಬೀಳುತ್ತದೆ ಎನ್ನುವುದು ಒಂದು. ಏಜೆಂಟು ಕೈಕೊಟ್ಟು ಹುಡುಗ ಬೊಂಬಾಯಿಯಿಂದಲೋ ದಿಲ್ಲಿಯಿಂದಲೋ ವಾಪಸು ಬಂದರೆ ಊರವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ ಎನ್ನುವುದು ಇನ್ನೊಂದು. ಬಾಯಿ ಬಿಡದ ಆ ಪದ್ಧತಿಗೆ ಸಿಕ್ಕಿ ಇವತ್ತು ಇವರು ಅಳುವ ಹಾಗೂ ಇಲ್ಲ, ಯಾರನ್ನೂ ವಿಚಾರಿಸುವ ಹಾಗೂ ಇಲ್ಲ.

ನನಗೆ ಯಾವ ಹೆಸರೂ ಗೊತ್ತಿಲ್ಲ ಎಂದೆ. ಅವಳು ಬಿಂದಿಗೆ ಎತ್ತಿಕೊಂಡು ನಡೆದಳು.

ಪಾತ್ರೆ ತಂದವರು ಕಲಾಯಿ ಆಗುವ ತನಕ ಒಲೆಯ ಸುತ್ತ ಕೂತು ಬೆಂಕಿ ಕಾಯಿಸುವುದು ಇಲ್ಲಿಯ ರೂಢಿ. ಕಾರ್ತಿಕದ ಚಳಿ ಬೇರೆ. ಕೂತ ಮೇಲೆ ಮಾತು ಬರಲೇಬೇಕು. ಟೆಲಿಫೋನ್ ಬೂತಿನ ಪುಟ್ಟಸ್ವಾಮಿ ಬಾಗಿಲು ತೆಗೆಯುವ ಮೊದಲು ಟೀ ಲೋಟ ಹಿಡಿದು ಇಲ್ಲಿಗೆ ಬರುತ್ತಾನೆ. ಅವನದು ಮೊದಲನೆಯ ತೀರ್ಪು.

"ಅಬ್ಬದ ದಿನ ಅಲ್ವಾ? ರಾಕೆಟ್ಟು ತಗುಲದೆ ಕಣ್ರಪ್ಪ. ಓದೊರ್ಸ ನಮ್ಮ ಬೀದಿಲಿ ಬುಟ್ಟಿದ್ದು ಓಗಿ ಉಲ್ಲಿನ ಮೆದೆ ಸುಟ್ಟಾಕ್ಲಿಲ್ವಾ? ದಿಲ್ಲಿ ರಾಕೆಟ್ಟು ಅಂದ್ರೆ ಸುಮ್ನೇನಾ?"

ಕೆ.ಆರ್. ಪೇಟೆ ಮಾರ್ಗದ ಖಾಸಗಿ ಬಸ್ಸಿನ ಡ್ರೈವರ್ ದೇವಯ್ಯ ಇದನ್ನು ಒಪ್ಪುವುದಿಲ್ಲ. ಮನೆಯ ಹಂಡೆ ಮುಂದಿಟ್ಟುಕೊಂಡು ಕೂತಿದ್ದಾನೆ. "ಥೂ, ಸುಮ್ಕಿರ್ಲಾ. ನಮ್ ರೋಡಲ್ಲಿ ಮೋರಿ ಹತ್ರ ಎದುರು ಗಾಡಿ ಬಂದ್ರೆ ಮೊದ್ಲು ಲೈಟ್ ಒಡ್ದೋನ್ಗೆ ದಾರಿ. ಇಬ್ರೂ ಒಟ್ಗೆ ಒಡ್ದವ್ರೆ. ನಂಗೇ ದಾರಿ ಅಂತ ಇಬ್ರೂ ನುಗ್ಗವ್ರೆ. ಅಷ್ಟೇಯ."

"ಆಕಾಶದಲ್ಲಿ ಮೋರಿ ಎಲ್ಲಿರುತ್ತೆ ದೇವಯ್ಯ?" ಎಂದು ಕೇಳುವವರು ನಿವೃತ್ತ ಮೇಷ್ಟರು ಮರಿಯಯ್ಯ. ಅವರಿಗೆ ಪತ್ರಿಕೆ ಅಂದರೆ ವೇದ. "ಭಾಷೆಯ ತೊಂದರೆ ಇದ್ದಿರಬಹುದು ಅಂತ ಬರೆದಿದ್ದಾರೆ. ಕೆಳಗಿನವನು ಇಂಗ್ಲಿಷಿನಲ್ಲಿ ಹೇಳ್ತಾನೆ, ಮೇಲಿನವನಿಗೆ ಅರ್ಥ ಆಗೋದಿಲ್ಲ. ಅಲ್ಲವೇನಮ್ಮ?" ಎಂದು ನನ್ನ ಕಡೆ ತಿರುಗುತ್ತಾರೆ. ಇದ್ದಿರಬಹುದು ಎಂದು ಬರೆದದ್ದನ್ನು ಇವರು ಆಗಲೇ ಆಗಿಹೋಯಿತು ಎಂದು ಮಾಡಿಬಿಟ್ಟಿದ್ದಾರೆ. ವಿಚಾರಣೆಯೇ ಶುರುವಾಗಿಲ್ಲ ಸಾರ್ ಎಂದೆ. ಅದು ಅವರಿಗೆ ರುಚಿಸಲಿಲ್ಲ.

ಬೂಬಮ್ಮ ದೇವಯ್ಯನ ಹಂಡೆ ನೀರಿಗೆ ಅದ್ದುತ್ತಾಳೆ, ಚುಂಯ್ ಎನ್ನುತ್ತದೆ, ಪಕ್ಕಕ್ಕಿಡುತ್ತಾಳೆ. ಹಂಡೆ ಮುಗಿದರೂ ದೇವಯ್ಯ ಎದ್ದು ಹೋಗುವುದಿಲ್ಲ. ಮುಂದಿನ ಸರದಿ ಚಲುವಮ್ಮನದು. ಮದುವೆ ಮನೆಗಳಿಗೆ ಅಡುಗೆ ಮಾಡುವ ಈ ಚಲುವಮ್ಮ ಬೂಬಮ್ಮನ ಬಹುಕಾಲದ ಗಿರಾಕಿ, ಗೆಳತಿಯೂ ಹೌದು. ಇಷ್ಟು ಹೊತ್ತು ಕೇಳುತ್ತ ಕೂತಿದ್ದವಳು ದೊಡ್ಡ ಕೊಳಗವನ್ನು ಒಲೆಯ ಕಡೆ ಉರುಳಿಸಿ ತನ್ನದೊಂದು ಕಾರಣ ಮುಂದಿಡುತ್ತಾಳೆ.

"ಲೈಟೂ ಅಲ್ಲ, ರಾಕೆಟ್ಟೂ ಅಲ್ಲ. ಆಸೆ. ಸೌದಿ ದುಡ್ಡಿನಾಸೆ. ಎತ್ತೋರು ಮಕ್ಕಳನ್ನ ಆಕಾಸಕ್ಕೆ ಅಟ್ಟುದ್ರೆ ಇನ್ನೇನಾಯ್ತದೆ? ಯಾವ ತಾಯಿನಾದ್ರೂ ಕಳಿಸ್ತಾಳಾ? ನಿನ್ ಮಗ ನೋಡು ಬೂಬಮ್ಮ, ಪಾಂಡವಪುರದಲ್ಲಿ ನೆಲದ ಮ್ಯಾಲೆ ನೆಟ್ಗವ್ನೆ."

ನೂರ್ ಫಾತಿಮಾಳ ತಿದಿ ನಿಂತೇಹೋಗುತ್ತದೆ. "ಒತ್ತಮ್ಮಾ," ಎನ್ನುತ್ತಾಳೆ ಬೂಬಮ್ಮ. ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ಬಾಯಿ ಮುಚ್ಚಿರಿ ಎನ್ನಬೇಕು ಅನ್ನಿಸಿತು. ಆದರೆ ಹಾಗೆಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎನ್ನುವುದು ನಾನು ಹೇಳಬಹುದಾದ ಮಾತಲ್ಲ. ಪಾಪ, ಚಲುವಮ್ಮನಿಗೂ ಏನು ಗೊತ್ತು? ತಿಳಿದಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಬಿಸಿಲು ಮರ ದಾಟುವ ಹೊತ್ತಿಗೆ ಕೊಳಗ ಕಾದು ಹದಕ್ಕೆ ಬಂದಿದೆ. ಬೂಬಮ್ಮ ನವಸಾಗರ ಎರಚುತ್ತಾಳೆ, ಬಿಳಿ ಹೊಗೆ ಏಳುತ್ತದೆ, ತವರದ ಕಡ್ಡಿ ತಾಗಿಸುತ್ತಾಳೆ. ತವರ ಕರಗಿ ನೀರಾಯಿತೆಂದರೆ ಕೈ ನಿಲ್ಲಿಸುವ ಹಾಗಿಲ್ಲ. ಆರುವ ಮೊದಲು ಅರಳೆಯಿಂದ ಒಳಗೆಲ್ಲ ಒರೆಸಿ ಹರಡಬೇಕು. ನಿಲ್ಲಿಸಿದ ಕಡೆ ತವರ ಗಂಟುಕಟ್ಟುತ್ತದೆ, ಹಿಡಿಯದ ಕಡೆ ತಾಮ್ರ ಇಣುಕುತ್ತದೆ. ಸರಿಯಾಗಿ ಆ ಹೊತ್ತಿಗೆ ಪುಟ್ಟಸ್ವಾಮಿ ಬೂತಿನಿಂದ ಓಡಿ ಬರುತ್ತಾನೆ.

"ಬೂಬಮ್ಮ, ದಿಲ್ಲಿಯಿಂದ ಫೋನು. ಯಾರೋ ಗಂಡಸ್ರು. ಗರಗರ ಅಂತ ಒಂದೂ ನೆಟ್ಗೆ ಕೇಳ್ನಿಲ್ಲ. ಇಟ್ಬುಟ್ಟು ತಿರ್ಗ ಮಾಡ್ತೀನಿ, ಕರ್ಕಬನ್ನಿ ಅಂದ್ರು."

ದಿಲ್ಲಿ ಎಂಬ ಮಾತು ಬಿದ್ದದ್ದೇ ಒಲೆಯ ಸುತ್ತ ಎಲ್ಲರೂ ಬೂಬಮ್ಮನ ಮುಖ ನೋಡುತ್ತಾರೆ. ಅವಳು ಕೊಳಗದಿಂದ ಕಣ್ಣೆತ್ತುವುದಿಲ್ಲ. "ಇದೊಂದ್ ಮುಗಿಸ್ತೀನಿ," ಎನ್ನುತ್ತಾಳೆ. "ಭಾಭಿ, ಜಾವ್ ನಾ," ಎಂದು ನೂರ್ ಫಾತಿಮಾ ಅಳುವುದಕ್ಕೇ ಶುರುಮಾಡುತ್ತಾಳೆ. ಬೂಬಮ್ಮ ಒರೆಸುತ್ತಾಳೆ. ಕೊಳಗದ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿದೆ, ತವರ ಆರಿ ಗಟ್ಟಿಯಾಗಿದೆ, ಒರೆಸಲಿಕ್ಕೆ ಏನೂ ಉಳಿದಿಲ್ಲ. ಅವಳ ಕೈ ಮಾತ್ರ ಸುತ್ತುತ್ತಲೇ ಇದೆ.

"ಮಗ ಸೌದಿಗೋಗವ್ನೆ," ಎನ್ನುತ್ತಾಳೆ ಕೊಳಗಕ್ಕೆ ಹೇಳುವ ಹಾಗೆ. "ಹೋಗಿ ಫೋನು ಎತ್ತುದ್ರೆ ಗೊತ್ತಾಗೋಯ್ತದೆ. ನಾನ್ ಇಲ್ಲಿ ಇರೋಗಂಟ ಅವ್ನು ಬದ್ಕವ್ನೆ."

ಚಲುವಮ್ಮ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾಳೆ. ಮೇಷ್ಟರು ಪತ್ರಿಕೆ ಮಡಿಸಿ ಹಿಂದಕ್ಕೆ ಇಟ್ಟುಕೊಳ್ಳುತ್ತಾರೆ. ಕೊನೆಗೆ ದೇವಯ್ಯ ಎದ್ದು ಬಂದು ಅವಳ ಕೈಯಿಂದ ಇಕ್ಕಳ ಬಿಡಿಸಿಕೊಳ್ಳುತ್ತಾನೆ. "ನಾನ್ ನೋಡ್ಕತೀನಿ ಕಣವ್ವ. ನೀನ್ ಓಗು."

ಬೂತಿನ ಗಾಜಿನ ಹೊರಗೆ ನಾನೂ ನೂರ್ ಫಾತಿಮಾಳೂ ಕೈ ಕೈ ಹಿಡಿದು ನಿಂತಿದ್ದೇವೆ. ಫೋನಿನ ಗಂಟೆ ಹೊಡೆಯುತ್ತದೆ. ಬೂಬಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಳ್ಳುತ್ತಾಳೆ. "ಬೇಟಾ" ಎನ್ನುತ್ತಾಳೆ. ಬೇಟಾ ಬೇಟಾ ಎಂದು ಅತ್ತಳು, ನಕ್ಕಳು. ಆಮೇಲೆ ಅವಳು ಏನೋ ಕೇಳಿದ್ದು, ಉತ್ತರ ಬಂದದ್ದು, ಅವಳ ಮುಖದ ನಗು ಹೋದದ್ದು ಗಾಜಿನ ಆಚೆಯಿಂದಲೇ ನಮಗೆ ಕಂಡಿತು.

ಮುಬಾರಕನ ಕಾಗದಪತ್ರ ಮುಗಿದಿರಲಿಲ್ಲ, ಅವನು ದಿಲ್ಲಿಯ ಕೋಣೆಯಲ್ಲೇ ಉಳಿದಿದ್ದ. ಜೊತೆಯಲ್ಲಿ ಹೋಗಿದ್ದ ಕೆ.ಆರ್. ಪೇಟೆಯ ಅಫ್ಸರ್ ಪಾಷನದು ಮುಗಿದಿತ್ತು. ಅವನು ಹಬ್ಬದ ಸಂಜೆ ಅದೇ ವಿಮಾನದಲ್ಲಿ ಹೊರಟ. ಅಫ್ಸರನ ಮನೆಯ ಹತ್ತಿರ ಫೋನಿಲ್ಲ. ಅವರಿನ್ನೂ ಅವನು ದಿಲ್ಲಿಯಲ್ಲೇ ಇದ್ದಾನೆ ಎಂದುಕೊಂಡಿದ್ದಾರೆ. ಪತ್ರಿಕೆಯಲ್ಲಿ ಹೆಸರು ಬರುವ ಮೊದಲು ನೀನೇ ಹೋಗಿ ಹೇಳು ಅಮ್ಮಿ ಎಂದು ಮಗ ಬೇಡಿಕೊಂಡಿದ್ದಾನೆ.

ಹುಣಸೆಮರದಡಿ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಚಲುವಮ್ಮ ಅವಳ ಎರಡೂ ಕೈ ಹಿಡಿದುಕೊಂಡಿದ್ದಾಳೆ. ಮರಿಯಯ್ಯ ಮೇಷ್ಟರಿಗೆ ಸುಮ್ಮನಿರಲು ಆಗಲಿಲ್ಲ. "ನೋಡಮ್ಮ, ಕಾಗದಪತ್ರ ತಡವಾಗಿದ್ದೇ ಕಾರಣ..." ಎಂದು ಬಾಯಿ ತೆಗೆದರು.

"ಬುಡಿ ಮೇಷ್ಟ್ರೇ," ಎಂದಳು ಬೂಬಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನ್ ಈಗ ಆ ತಾಯಿ ಮುಂದೆ ಹೋಗಿ ನಿಂತ್ಕಬೇಕು. ಯಾಕಾಯ್ತು ಅಂತ ಕೇಳ್ತಾಳೆ. ಬೆಳಿಗ್ಗೆಯಿಂದ ಎಲ್ಲಾರೂ ಒಂದೊಂದು ಹೇಳುದ್ರಿ. ಅದ್ರಲ್ಲಿ ಯಾವ್ದು ಹೇಳ್ಲಿ?"

"ಯಾವ್ದೂ ಬ್ಯಾಡ ಕಣವ್ವ," ಎಂದ ದೇವಯ್ಯ, ಇಕ್ಕಳ ಕೆಳಗಿಟ್ಟು. "ಬಾ, ಬಸ್ಸು ಒಂಟದೆ. ನಾನ್ ಕರ್ಕಂಡೋಯ್ತೀನಿ."

ಹೊರಡುವ ಮುಂಚೆ ಬೂಬಮ್ಮ ಚಲುವಮ್ಮನ ಕೊಳಗವನ್ನು ಬಿಸಿಲಿಗೆ ವಾಲಿಸಿ ಒಳಗೆಲ್ಲ ಕೈಯಾಡಿಸಿ ನೋಡುತ್ತಾಳೆ. "ಇದ್ರಲ್ಲಿ ಎಷ್ಟ್ ಹುಳಿ ಬೇಯ್ಸುದ್ರೂ ಏನೂ ಆಗಕಿಲ್ಲ. ನಾನ್ ಬಾಯ್ಬುಟ್ಟು ಹೇಳಬೌದಾಗಿರೋದು ಇದೊಂದೇಯ," ಎನ್ನುತ್ತಾಳೆ. ಚಲುವಮ್ಮ ಕೊಳಗದ ಕಡೆ ನೋಡುವುದೂ ಇಲ್ಲ. "ನಾನೂ ಬತ್ತೀನಿ," ಎಂದು ಬಸ್ಸು ಹತ್ತುತ್ತಾಳೆ.

ನಾನೂ ಹತ್ತಿದೆ. ದೇವಯ್ಯ ಮೋರಿಯ ಹತ್ತಿರ ಎದುರು ಲಾರಿ ಕಂಡು ಬಸ್ಸು ನಿಲ್ಲಿಸಿ, ಅದು ದಾಟುವ ತನಕ ಕಾಯುತ್ತಾನೆ. ಬೂಬಮ್ಮನ ಬೆರಳುಗಳಲ್ಲಿ ಇನ್ನೂ ತವರದ ಹೊಳಪಿದೆ. ಸೆರಗಿನಲ್ಲಿ ಒರೆಸಿದಷ್ಟೂ ಅದು ಸೆರಗಿಗೂ ಹತ್ತಿಕೊಳ್ಳುತ್ತಿದೆ. ಕೆ.ಆರ್. ಪೇಟೆ ಹತ್ತಿರವಾದಾಗ ನನ್ನ ಕಡೆ ತಿರುಗಿ, ಪೇಪರಿನಲ್ಲಿ ನನ್ನ ವಿಷಯ ಹಾಕ್ತೀರಾ ಅಕ್ಕಾ ಎಂದು ಕೇಳುತ್ತಾಳೆ. ನಿಮಗೆ ಬೇಡವಾದರೆ ಬರೆಯುವುದಿಲ್ಲ ಎಂದೆ.

"ಬರೀರಿ. ಇವ್ರೆಲ್ಲ ಹೇಳಿದ್ದೂ ಬರೀರಿ. ಕೊನೇಲಿ ಮಾತ್ರ ಯಾಕಾಯ್ತು ಅಂತ ಯಾರ್ಗೂ ಗೊತ್ತಿಲ್ಲ ಅಂತ ದಪ್ಪಕ್ಷರದಲ್ಲಿ ಹಾಕಿ. ಮಗನ್ನ ನಾನೇ ಕಳಿಸಿದ್ದಕ್ಕೆ ಹಿಂಗಾಯ್ತು ಅಂತ ಆ ತಾಯಿ ಅಂದ್ಕಬಾರ್ದು. ಅಫ್ಸರ್ ಅವ್ವಂಗೆ ಕನ್ನಡ ಓದಕ್ಕೆ ಬತ್ತದೆ."